ಒಂಬತ್ತನೆಯದು, ಸ್ವಾಮಿಗೆ

ಹಲ್ಲುಜ್ಜುತ್ತ ನಿಂತಿದ್ದ ನಂಜುಂಡಸ್ವಾಮಿಗೆ ಬ್ರಷ್ಷು ನಾಲಿಗೆಯ ಬುಡ ಮುಟ್ಟುವ ಮೊದಲೇ ಓಕರಿಕೆ ಬಂತು. ಮೂರು ದಿನದಿಂದ ಹೀಗೇ ಆಗುತ್ತಿತ್ತು. ಬಚ್ಚಲ ಗೋಡೆಗೆ ಕೈಕೊಟ್ಟು ಬಗ್ಗಿದ. ಬಂದದ್ದು ಒಂದಿಷ್ಟು ಹಳದಿ ನೀರು, ಅದರ ಮೇಲೆ ಪೇಸ್ಟಿನ ನೊರೆ. ತೂಬಿನ ಬಾಯಲ್ಲಿ ಹೆಂಡತಿಯ ಉದುರಿದ ಕೂದಲು ಸುತ್ತಿಕೊಂಡು ಕೂತಿತ್ತು. ನೊರೆ ಅಲ್ಲಿ ತಡೆದು ನಿಂತು, ಗುಳ್ಳೆ ಗುಳ್ಳೆಯಾಗಿ ಒಡೆದು, ನಿಧಾನವಾಗಿ ಇಳಿಯಿತು. ಅದು ಪೂರ್ತಿ ಇಳಿಯುವ ತನಕ ತಾನು ಯಾಕೆ ನೋಡುತ್ತ ನಿಂತೆ ಎಂದು ಅವನಿಗೇ ತಿಳಿಯಲಿಲ್ಲ. ಹೊರಗೆ ಅಕ್ಟೋಬರಿನ ಗಾಳಿಯಲ್ಲಿ ಹೊಗೆಸೊಪ್ಪು ಬೇಯುವ ವಾಸನೆ ಇತ್ತು. ಈ ಕಾಲದಲ್ಲಿ ಹುಣಸೂರಿಗೆ ಬಂದಿಳಿದ ಪರಸ್ಥಳದವರು ಬಸ್‌ಸ್ಟ್ಯಾಂಡಿನಲ್ಲೇ ಮೂಗರಳಿಸಿ, ಏನೋ ಜೇನು ಕಾಯಿಸಿದ ಹಾಗಿದೆಯಲ್ಲ ಎನ್ನುತ್ತಾರೆ. ಗುರುಪುರದಲ್ಲಿ ಅಪ್ಪ ಸೊಪ್ಪು ಬೇಯಿಸುತ್ತಿದ್ದ ಬ್ಯಾರನ್ನಿನ ಒಲೆಗೆ ಸೌದೆ ಒಡ್ಡಿ ದೊಡ್ಡವನಾದ ನಂಜುಂಡಸ್ವಾಮಿಗೆ ಅದು ಜೇನಲ್ಲ, ಬೆವರು. ಬೆಂದ ಸೊಪ್ಪಿನದೂ ಬೇಯಿಸಿದವರದೂ ಕಲೆತ ಬೆವರು.

"ಪಿತ್ತ ಆಗದೆ ಕಣ್ರೀ," ಎಂದಳು ಹೆಂಡತಿ ಸುನಂದಮ್ಮ ಅಡುಗೆಮನೆಯಿಂದ. "ಶುಂಠಿ ಕಷಾಯ ಕಾಯಿಸ್ತೀನಿ, ಕುಡ್ದುಬುಡಿ. ಮಧ್ಯಾಹ್ನ ಆ ಬೆಂಗಳೂರಿನ ಹುಡುಗಿ ಬತ್ತಾಳೆ ಅಂತೀರಾ. ಅವಳ ಮುಂದೆ ಹಿಂಗೆ ವ್ಯಾ ಅಂತ ನಿಂತ್ಕಬೇಡಿ."

ಪಿತ್ತವಲ್ಲ. ಕಾರಣ ನಡುಮನೆಯಲ್ಲಿ ಟೀವಿಯ ಮೇಲೆ, ಕ್ರೋಷಾ ಹೊದಿಕೆಯ ನಡುವೆ, ಅಂಗೈಯಗಲದ ಪ್ಲಾಸ್ಟಿಕ್ ಡಬ್ಬಿಯಾಗಿ ಕೂತಿತ್ತು. ಗುರುವಾರ ಕೊರಿಯರಿನಲ್ಲಿ ಬಂದ ಸೀಡಿ ಅದು. ಬೆಂಗಳೂರಿನ ಯಾವುದೋ ಸಣ್ಣ ಕಂಪನಿ, ಮರೆತುಹೋದವರ ಹಳೆಯ ಧ್ವನಿಮುದ್ರಣಗಳನ್ನು ಹುಡುಕಿ ಮತ್ತೆ ಹೊರತರುವುದೇ ಅದರ ಕೆಲಸವಂತೆ. ಮುಖಪುಟದಲ್ಲಿ ಸೂಟು ತೊಟ್ಟ, ಎಣ್ಣೆ ಹಾಕಿ ಹಿಂದಕ್ಕೆ ಬಾಚಿದ ತಲೆಯ, ತುಟಿಯ ಅಂಚಿನಲ್ಲಿ ಸಿಗರೇಟು ಸಿಕ್ಕಿಸಿಕೊಂಡ ಮೂವತ್ತರ ಚೆಲುವ ಪಿಯಾನೋದ ಮುಂದೆ ಕೂತಿದ್ದ. ಹೆಸರು ಓದದಿದ್ದರೆ ನಂಜುಂಡಸ್ವಾಮಿಗೆ ಗುರುತೇ ಸಿಗುತ್ತಿರಲಿಲ್ಲ. ಸಿರಿಲ್ ಡಿಮೆಲ್ಲೊ. ಕಲ್ಕತ್ತೆಯ ಹೋಟೆಲುಗಳಲ್ಲಿ ಬೀಬಾಪ್ ಎಂಬ ಜಾಝ್ ನುಡಿಸುತ್ತಿದ್ದ ಗೋವೆಯವನು. ಬೆರಳು ಕಣ್ಣಿಗೆ ಕಾಣದಷ್ಟು ಜೋರಾಗಿ, ಒಂದು ಸ್ವರ ಮುಗಿಯುವ ಮೊದಲೇ ಮೂರು ಸ್ವರ ಹತ್ತಿ ಇಳಿದು ಓಡುವ ಸಂಗೀತ ಅದು. ಕುಡಿದು ಕುಡಿದು ಕೆಲಸ ಕಳೆದುಕೊಂಡು, ಹೊಗೆಸೊಪ್ಪಿನ ಕಂಪನಿಯೊಂದರಲ್ಲಿ ಮ್ಯಾನೇಜರಾಗಿದ್ದ ತಂಗಿಯ ಗಂಡನ ಹಿಂದೆ ಹುಣಸೂರಿಗೆ ಬಂದವನು. ತಂಗಿ, ಅವಳ ಗಂಡ ಆಸ್ಟ್ರೇಲಿಯಾಕ್ಕೆ ಹೊರಟುಹೋದ ಮೇಲೂ ಕಂಪನಿಯ ಕ್ಲಬ್ಬಿನ ಹಿಂದಿನ ಎರಡು ಕೋಣೆಯ ಔಟ್‌ಹೌಸಿನಲ್ಲಿ ಉಳಿದವನು. ಊರವರ ಬಾಯಲ್ಲಿ ಪಿಯಾನೋ ದೊರೆ. ಸೀಡಿಯ ಮೊದಲ ಆರು ನುಡಿಸಾಣಿಕೆಗಳು ೧೯೫೮ರ ಕಲ್ಕತ್ತೆಯ ಗ್ರಾಮಫೋನ್ ತಟ್ಟೆಯವು. ಕೊನೆಯ ಮೂರು, ತಂಗಿಯ ಮಗ ೧೯೮೪ರಲ್ಲಿ ರಜಕ್ಕೆ ಬಂದಾಗ ಕ್ಲಬ್ಬಿನ ಗೆದ್ದಲು ಹಿಡಿದ ಪಿಯಾನೋದ ಮೇಲೆ ಮಾಮನಿಂದ ನುಡಿಸಿ ಟೇಪಿಗೆ ತುಂಬಿಕೊಂಡು ಹೋದವು. ಒಂಬತ್ತನೆಯದರ ಹೆಸರು "ಮಾಲೋಡರಸ್". ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ, ಸ್ವಾಮಿಗೆ.

ಜೊತೆಯ ಪುಸ್ತಿಕೆಯಲ್ಲಿ ವಿವರಣೆಯೂ ಇತ್ತು. ಸ್ವಾಮಿ ಎಂದರೆ ಡಿಮೆಲ್ಲೊ ಅವರ ಮೆಚ್ಚಿನ ಶಿಷ್ಯ, ಈಗ ಹುಣಸೂರಿನಲ್ಲಿ ಇಂಗ್ಲಿಷ್ ಉಪನ್ಯಾಸಕರು. ಮಾಲೋಡರಸ್ ಎಂದರೆ ನಾರುವಂಥದು. ಹೊಗೆಸೊಪ್ಪಿನ ವಾಸನೆಯ ಊರಿಗೆ ಕಲಾವಿದರು ಸಲ್ಲಿಸಿದ ತುಂಟ ನಮನ ಇದು. ಇಷ್ಟನ್ನು ಬರೆದ ಪವಿತ್ರಾ ಎಂಬ ಹುಡುಗಿಯೇ ಇಂದು, ಭಾನುವಾರ ಮಧ್ಯಾಹ್ನ ಮೂರಕ್ಕೆ, ನೆನಪುಗಳನ್ನು ರೆಕಾರ್ಡು ಮಾಡಿಕೊಳ್ಳಲು ಬರುವವಳು.

ಗುರುವಾರ ಸಂಜೆ ಸಿನಿಮಾ ನೋಡುವ ವೀಸಿಡಿ ಪ್ಲೇಯರಿಗೇ ಸೀಡಿಯನ್ನು ಹಾಕಿದ್ದ. ಟೀವಿಯಲ್ಲಿ ಬರೀ ನೀಲಿ. ನೀಲಿಯ ಹಿಂದಿನಿಂದ ಪಿಯಾನೋ ಹೊರಬಿತ್ತು. "ಇದೇನ್ರೀ ಇದು, ಅಟ್ಟದ ಮೇಲೆ ಇಲಿ ಓಡಾಡ್ದಂಗೆ," ಎಂದು ಸುನಂದಮ್ಮ ನಕ್ಕು ಒಳಗೆ ಹೋದಳು. ಅವನೊಬ್ಬನೇ ಮೂರಡಿ ದೂರದಲ್ಲಿ ಕುರ್ಚಿ ಹಾಕಿಕೊಂಡು ಕೂತ. ಏಳನೆಯದು ಶುರುವಾದಾಗ ಸದ್ದು ಬೇರೆಯಾಯಿತು. ಕ್ಲಬ್ಬಿನ ಹೆಂಚಿನ ಮಾಡಿನಡಿಯ ಗವ್ವೆನ್ನುವ ಖಾಲಿ, ಆಚೆ ರಸ್ತೆಯಲ್ಲಿ ಯಾರೋ ಎತ್ತು ಹೊಡೆಯುವ ಕೂಗು, ಮತ್ತು ಪಿಯಾನೋದ ಅಡಿಯಲ್ಲಿ, ಒಂದು ಕ್ಷಣವೂ ಬಿಡದೆ, ಮುದುಕ ಮೂಗಿನಲ್ಲಿ ಗೊಣಗುವ ಸದ್ದು. ಬೆರಳು ಹೋಗುವ ಕಡೆಗೆಲ್ಲ ಆ ಗೊಣಗು ಹೋಗುತ್ತಿತ್ತು, ಒಂದರೆಕ್ಷಣ ತಡವಾಗಿ, ಕುಂಟ ನಾಯಿಯ ಹಾಗೆ. ನಂಜುಂಡಸ್ವಾಮಿಯ ಮೂಗಿಗೆ ರಮ್ಮಿನ ವಾಸನೆ ಬಡಿಯಿತು. ಒಂಬತ್ತನೆಯದರ ಮೊದಲು ಗಂಟಲು ಕೆರೆದ ಸದ್ದು, ಗಾಜಿನ ಲೋಟ ಮರದ ಮೇಲೆ ಇಟ್ಟ ಸದ್ದು. ಆಮೇಲೆ ಮುದುಕ ಇಂಗ್ಲಿಷಿನಲ್ಲಿ, ತನ್ನ ತಂಗಿಯ ಮಗನಿಗೆ ಹೇಳುವವನ ಹಾಗೆ, "ಇದಕ್ಕೆ ಮಾಲೋಡರಸ್ ಅಂತ ಹೆಸರಿಡು. ಸ್ವಾಮಿಗೆ. ಅವನೀಗ ತುಂಬ ಸೊಗಸಾದ ಇಂಗ್ಲಿಷ್ ಬರೆಯುತ್ತಾನೆ," ಎಂದ. ಮತ್ತೆ ಬೆರಳುಗಳು ಬಿದ್ದವು.

ಗೊತ್ತಿತ್ತು. ಹಾಗಾದರೆ ಮುದುಕನಿಗೆ ಗೊತ್ತಿತ್ತು.

ಕಷಾಯ ಕುಡಿದು ಅದನ್ನೂ ಕಕ್ಕಿದ ಮೇಲೆ ಮನೆಯಲ್ಲಿ ಕೂರಲಾಗಲಿಲ್ಲ. ಚಪ್ಪಲಿ ಮೆಟ್ಟಿ ಹೊರಟ. ಲಕ್ಷ್ಮಣತೀರ್ಥದ ಸೇತುವೆಯ ಮೇಲೆ ಎಂದಿನಂತೆ ಮೂಗಿಗೆ ಕರವಸ್ತ್ರ ಹಿಡಿದ. ಕೆಳಗೆ ಹೊಳೆ ಎಂಬ ಹೆಸರಿನ ಕಪ್ಪು ನೀರು, ಕೋಳಿ ಪುಕ್ಕ, ಹಂದಿಗಳು. ಕರವಸ್ತ್ರ ಹಿಡಿಯುವ ಈ ಅಭ್ಯಾಸ ಕಾಲೇಜಿನ ಹುಡುಗರಿಗೆ ನಗೆಯ ವಸ್ತು ಎಂಬುದು ಅವನಿಗೆ ಗೊತ್ತಿತ್ತು; ಅವರು ಅವನ ಹಿಂದೆ ಮೂಗು ಹಿಡಿದು ನಡೆಯುತ್ತಿದ್ದರು. ಆದರೆ ಅದು ಮೊದಲಿನಿಂದ ಇದ್ದದ್ದಲ್ಲ. ಬೀಏಯಲ್ಲಿ ಇಂಗ್ಲಿಷಿಗೆ ಎರಡು ಸಲ ನಪಾಸಾಗಿ, ಅದೇ ಹೊಗೆಸೊಪ್ಪಿನ ಕಂಪನಿಯಲ್ಲಿ ಸೀಸನ್ನಿನ ಗುಮಾಸ್ತನಾಗಿ ಸೊಪ್ಪಿನ ದರ್ಜೆ ಬರೆದುಕೊಳ್ಳುತ್ತಿದ್ದ ಕಾಲದಲ್ಲಿ ಅವನೇ ನಾರುತ್ತಿದ್ದ. ಹಸಿ ಸೊಪ್ಪು ಮುರಿದರೆ ಕೈಗೆ ಹತ್ತುವ ಅಂಟು ಮೂರು ಸಲ ತೊಳೆದರೂ ಹೋಗದು, ಒಣಗಿ ಕಪ್ಪಾಗಿ ಉಗುರಿನ ಸಂದಿಯಲ್ಲಿ ಕೂರುತ್ತದೆ. ಆ ಕೈಯಲ್ಲೇ ಒಂದು ದಿನ ಕ್ಲಬ್ಬಿನ ಕಿಟಕಿಯ ಸರಳು ಹಿಡಿದು ನಿಂತು ಪಿಯಾನೋ ಕೇಳುತ್ತಿದ್ದಾಗ ಡಿಮೆಲ್ಲೊ ಒಳಗೆ ಕರೆದಿದ್ದ. ಬಂದು ಕೂರು ಎಂದು ತನ್ನ ಪಕ್ಕದಲ್ಲೇ, ಅದೇ ಬೆಂಚಿನ ಮೇಲೆ ಕೂರಿಸಿಕೊಂಡು, ಅವನ ಬೆರಳುಗಳನ್ನು ಒಂದೊಂದಾಗಿ ಪಿಯಾನೋದ ಬಿಳಿ ಮನೆಗಳ ಮೇಲಿಟ್ಟು ಒತ್ತಿಸಿದ್ದ. ಸಂಗೀತ ಹತ್ತಲಿಲ್ಲ. ಇಂಗ್ಲಿಷ್ ಹತ್ತಿತು. ನಾಲ್ಕು ವರ್ಷ, ವಾರಕ್ಕೆ ಮೂರು ದಿನ. ಊರಿಂದ ಮೊಟ್ಟೆಯೋ ಅವರೆಕಾಯಿಯೋ ಒಯ್ದರೆ ತೆಗೆದುಕೊಳ್ಳುತ್ತಿದ್ದ, ಒಯ್ಯದಿದ್ದರೆ ಕೇಳುತ್ತಿರಲಿಲ್ಲ. ಮೊದಲ ದಿನ ಮಾತ್ರ, ಹೊರಗೆ ಬಂದು ಚಪ್ಪಲಿ ಮೆಟ್ಟುವಾಗ ತಿರುಗಿ ನೋಡಿದರೆ, ಡಿಮೆಲ್ಲೊ ಬಟ್ಟೆಯೊಂದಕ್ಕೆ ರಮ್ಮು ಹನಿಸಿಕೊಂಡು, ನಂಜುಂಡಸ್ವಾಮಿ ಮುಟ್ಟಿದ ಮನೆಗಳನ್ನು, ಅವಷ್ಟನ್ನೇ, ಒರೆಸುತ್ತಿದ್ದ. ಸಿಟ್ಟಿನಿಂದಲ್ಲ. ಶ್ರದ್ಧೆಯಿಂದ. ಅದನ್ನು ನೋಡದೆ ಹೋಗಿದ್ದರೆ ಎಲ್ಲ ಬೇರೆಯಾಗುತ್ತಿತ್ತು ಎಂದು ನಂಜುಂಡಸ್ವಾಮಿ ಎಷ್ಟೋ ಸಲ ತನಗೆ ತಾನೇ ಹೇಳಿಕೊಂಡಿದ್ದಾನೆ. ಹೇಳಿಕೊಂಡಾಗಲೆಲ್ಲ ಅದು ಸುಳ್ಳೆಂದು ನಾಲಿಗೆಗೆ ಗೊತ್ತಾಗುತ್ತದೆ.

ನಾರುವುದಕ್ಕೆ ಇಂಗ್ಲಿಷಿನಲ್ಲಿ ಏನನ್ನುತ್ತಾರೆ ಎಂದು ಮುಂದೊಂದು ದಿನ ಅವನೇ ಕೇಳಿದ್ದ. ಕೇಳುವಾಗ ಕೈ ಬೆನ್ನ ಹಿಂದಿತ್ತು. ಡಿಮೆಲ್ಲೊ ಸಂತೆಯವರು ಆಡುವ ಪದವೊಂದನ್ನು ಹೇಳಿ, "ಆದರೆ ನೀನು ಅದನ್ನು ಬಳಸಬೇಡ. ದೊಡ್ಡ ಮನುಷ್ಯರು ಮಾಲೋಡರಸ್ ಅನ್ನುತ್ತಾರೆ. ಬಯ್ದರೂ ಬಯ್ದ ಹಾಗಿರಬಾರದು, ಅದೇ ಇಂಗ್ಲಿಷು," ಎಂದು ನಕ್ಕಿದ್ದ. ಆ ಪದವನ್ನು ನಂಜುಂಡಸ್ವಾಮಿ ಗುರುಪುರದ ದಾರಿಯುದ್ದಕ್ಕೂ ಬಾಯಲ್ಲಿ ಹೊರಳಿಸಿಕೊಂಡು ಹೋಗಿದ್ದ, ಕಳ್ಳೆಕಾಯಿ ಮಿಠಾಯಿಯ ಹಾಗೆ.

ಕ್ಲಬ್ಬಿನ ಓಣಿಯಲ್ಲಿ ಪುಟ್ಟತಾಯಮ್ಮನ ಮನೆ. ಔಟ್‌ಹೌಸಿನಲ್ಲಿ ಡಿಮೆಲ್ಲೊಗೆ ಹತ್ತು ಹನ್ನೆರಡು ವರ್ಷ ಅಡುಗೆ ಬೇಯಿಸಿ, ಬಟ್ಟೆ ಒಗೆದು, ಕಡೆಗೆ ಅವನ ಹೆಣವನ್ನು ಮೊದಲು ಕಂಡವಳೂ ಅವಳೇ. ಪುಸ್ತಿಕೆಯಲ್ಲಿ ಅವಳ ಹೆಸರಿರಲಿಲ್ಲ. ಆ ಹುಡುಗಿ ಅವಳನ್ನು ಹುಡುಕಿಕೊಂಡು ಹೋದರೆ, ಅವಳ ಬಾಯಿಂದ ಏನು ಬರಬಹುದು ಎಂದು ಮೊದಲೇ ತಿಳಿದುಕೊಳ್ಳಬೇಕು. ತಾನು ಬಂದದ್ದು ಅದಕ್ಕೇ, ಬೇರೆ ಯಾವ ಮಮತೆಗೂ ಅಲ್ಲ ಎಂದು ಅವಳನ್ನು ಕಂಡ ಮೇಲೆ ಅವನಿಗೆ ಸ್ಪಷ್ಟವಾಯಿತು. ಮುದುಕಿ ನಲ್ಲಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಬೋಟಿ ತೊಳೆಯುತ್ತಿದ್ದಳು. ಕರುಳಿನ ಒಂದು ತುದಿಯನ್ನು ನಲ್ಲಿಗೆ ಸಿಕ್ಕಿಸಿ ನೀರು ಬಿಟ್ಟರೆ ಇನ್ನೊಂದು ತುದಿಯಿಂದ ಹಸಿರು ರಾಡಿ ಸುರಿಯುತ್ತಿತ್ತು.

"ಬನ್ನಿ ಮೇಷ್ಟ್ರೇ, ಏನ್ ಇತ್ಲಾಗಿ? ಕೂತ್ಕಳಿ. ಆ ಕಡೀಕೆ ಕೂತ್ಕಳಿ, ನೀರು ಸಿಡೀತದೆ."

ಅವನು ನಿಂತೇ ಇದ್ದ. ಕರವಸ್ತ್ರ ತೆಗೆಯಲು ಜೇಬಿಗೆ ಹೋದ ಕೈಯನ್ನು ಅಲ್ಲೇ ಹಿಡಿದ. ಪಿಯಾನೋ ದೊರೆಯ ಹಾಡು ಮತ್ತೆ ಹೊರಗೆ ಬಂದಿದೆ, ಬೆಂಗಳೂರಿನವರು ತಂದಿದ್ದಾರೆ ಎಂದ. ಮುದುಕಿಗೆ ಸಂತೋಷವಾಯಿತು.

"ಅಂಗಾ? ಸತ್ತು ಅಷ್ಟೊರ್ಸ ಆದ್ಮೇಕಾ? ಬುಡಿ, ಅವರ್ದು ಯಾವತ್ತೂ ನಿಧಾನವೇ. ಅನ್ನ ಇಟ್ರೆ ಆರೋಗೋಗಂಟ ಉಣ್ತಿರ್ಲಿಲ್ಲ."

"ಪುಟ್ಟತಾಯಮ್ಮ, ಕಾನ್ವೆಂಟಿನಿಂದ ಒಂದು ಕಾಗದ ಬಂದಿತ್ತಲ್ಲ. ದೊರೆಯನ್ನು ಪಿಯಾನೋ ಮೇಷ್ಟರ ಕೆಲಸದಿಂದ ತೆಗೆದಾಗ. ಆ ದಿನ ದೊರೆ ಏನಾದರೂ ಅಂದರಾ?"

ಕೇಳಿದ ಮೇಲೆ ತನ್ನ ಧ್ವನಿ ತರಗತಿಯಲ್ಲಿ ಹಾಜರಿ ಕೂಗುವ ಧ್ವನಿಯಾಗಿದ್ದದ್ದು ಅವನಿಗೇ ಕೇಳಿಸಿತು. ಮುದುಕಿ ಕರುಳನ್ನು ಹಿಂಡಿ ಪಕ್ಕಕ್ಕಿಟ್ಟಳು.

"ಬಂದಿತ್ತು. ಅದ್ನ ಹಿಡ್ಕಂಡು ನಿಮ್ಮನೆಗೇ ಬಂದಿದ್ರಲ್ಲ? ವಾಪಸ್ ಬಂದೋರು ನಗಾಡ್ಕಂಡು ಬಂದ್ರು ಕಣಪ್ಪ. ನಂಗೆ ಬೋಟಿ ತಾ ಅಂದ್ರು. ಇವತ್ತು ಔತಣ, ಸ್ವಾಮಿ ಪಾಸು, ಅಂದ್ರು. ಅವರ್ ಮಾತು ನಂಗೆ ತಿಳ್ದಿದ್ದು ಅಷ್ಟೇಯ. ಸ್ವಾಮಿ ಪಾಸು, ಫಸ್ಟ್ ಕ್ಲಾಸು. ಅಂಗಂತ ಪಿಯಾನೋ ಮುಂದೆ ಕೂತ್ಕಂಡು ದಬದಬ ಬಾರ್ಸುದ್ರು. ಬೋಟಿ ಮಾಡಿಟ್ರೆ ಮುಟ್ನಿಲ್ಲ. ಆಮೇಕೆ ಮೂರು ದಿವ್ಸ ಎದ್ದಿಲ್ಲ." ಅವನ ಮುಖ ನೋಡಿದಳು. "ಅವತ್ತು ಯಾವ ಪರೀಕ್ಷೆ ಪಾಸ್ ಮಾಡಿದ್ರಿ ನೀವು?"

ಅವನು ಕೇಳಬಾರದೆಂದುಕೊಂಡದ್ದನ್ನು ಕೇಳಿದ. "ನಿಮಗೆ ವಾಸನೆ ಆಗುತ್ತಿರಲಿಲ್ಲವಾ? ಅವರದ್ದು?"

"ಆಯ್ತಿತ್ತು. ಕೊನ್‌ಕೊನೇಗೆ ಹಾಸ್ಗೇಲೇ ಎಲ್ಲಾವ. ಆ ಪ್ಯಾಂಟು ಒಗ್ದೋಳು ನಾನಲ್ವಾ?" ಮುದುಕಿ ಇನ್ನೊಂದು ಕರುಳನ್ನು ನಲ್ಲಿಗೆ ಸಿಕ್ಕಿಸಿದಳು. "ವಾಸ್ನೆ ಅಂದ್ರೆ ಏನು ಮಾಡಕಾಯ್ತದೆ ಮೇಷ್ಟ್ರೇ? ಒಗೀಬೇಕು."

ಹಿಂದಿರುಗುವ ದಾರಿ ಬಜಾರಿನ ಮೇಲೆ ಹಾದು ಹೋಗುತ್ತದೆ. ಡಿಮೆಲ್ಲೊ ಕುಡಿಯುತ್ತಿದ್ದ ಬ್ರಾಂದಿ ಅಂಗಡಿ ಅಲ್ಲೇ ಇದೆ, ಈಗ ಬೋರ್ಡು ಮಾತ್ರ ಬೇರೆ. ಇಪ್ಪತ್ತು ವರ್ಷದ ಹಿಂದಿನ ಮಾತು, ಅವತ್ತು ಮಂಗಳವಾರ. ಊರಿನ ಕಾಲೇಜಿಗೆ ಅವನು ಎಂ.ಎ. ಮುಗಿಸಿ ಉಪನ್ಯಾಸಕನಾಗಿ ಸೇರಿ ಒಂದೂವರೆ ತಿಂಗಳು. ಹೊಸ ಟೆರಿಲಿನ್ ಶರಟು. ಸೊಪ್ಪಿನ ವ್ಯಾಪಾರಿ ಮಹದೇವಪ್ಪ, ಕಾನ್ವೆಂಟಿನ ಪೋಷಕರ ಸಂಘದ ಅಧ್ಯಕ್ಷ, ಅವನನ್ನು ನಿಲ್ಲಿಸಿಕೊಂಡು ನಾಲ್ಕು ಜನರ ಎದುರಿಗೆ ಮೇಷ್ಟ್ರೇ ಎಂದು ಮಾತನಾಡಿಸುತ್ತಿದ್ದ. ಅಷ್ಟರಲ್ಲಿ ಅಂಗಡಿಯ ಮೆಟ್ಟಿಲಿಳಿದ ಡಿಮೆಲ್ಲೊ, "ಮೈ ಬಾಯ್!" ಎಂದು ಕೂಗಿ, ರಸ್ತೆ ದಾಟಿ, ಎರಡೂ ತೋಳಲ್ಲಿ ತಬ್ಬಿಕೊಂಡುಬಿಟ್ಟ. ಪ್ಯಾಂಟಿನ ಮುಂಭಾಗ ಮೊಣಕಾಲಿನ ತನಕ ಒದ್ದೆ. ಆ ಒದ್ದೆ ಬಿಸಿಯಾಗಿಯೇ ನಂಜುಂಡಸ್ವಾಮಿಯ ತೊಡೆಗೆ ಹತ್ತಿತು. ಮುದುಕನ ಗಡ್ಡದ ಮುಳ್ಳು ಕೆನ್ನೆಗೆ, ಬಾಯಿಯ ಕೊಳೆತ ಉಸಿರು ಕಿವಿಗೆ. "ಏನ್ ಮೇಷ್ಟ್ರೇ, ದೊರೆ ಹೆತ್ತಪ್ಪನಂಗೆ ತಬ್ಕಂಡವ್ನೆ!" ಎಂದ ಮಹದೇವಪ್ಪ, ಜನ ನಕ್ಕರು. ನಂಜುಂಡಸ್ವಾಮಿಯೂ ನಕ್ಕ. ನಗುತ್ತಲೇ ತನ್ನ ಬೆನ್ನಿನ ಮೇಲಿದ್ದ ಬೆರಳುಗಳನ್ನು ಬಿಡಿಸತೊಡಗಿದ. ಒಂದು ಬಿಡಿಸಿದರೆ ಇನ್ನೊಂದು ಹಿಡಿಯುತ್ತಿತ್ತು. ಅಷ್ಟು ನಡುಗುವ ಬೆರಳಿಗೆ ಅಷ್ಟು ಬಲ ಎಲ್ಲಿಂದ ಬಂತೋ.

ಎಂಟು ದಿನದ ಮೇಲೆ ಮಹದೇವಪ್ಪ ತನ್ನ ಗೋಡೌನಿಗೆ ಕರೆಸಿಕೊಂಡ. ಕಾನ್ವೆಂಟಿನಲ್ಲಿ ಮಕ್ಕಳಿಗೆ ಪಿಯಾನೋ ಕಲಿಸುವವನು ಡಿಮೆಲ್ಲೊ. ಕುಡುಕ, ಗಬ್ಬುನಾತ, ಹೆಣ್ಣುಮಕ್ಕಳು ಮೂಗು ಮುಚ್ಚಿಕೊಂಡು ಕೂರುತ್ತಾರೆ. ಒಂದು ಅರ್ಜಿ ಹಾಕಬೇಕು. "ನಮ್ಮ ಇಂಗ್ಲಿಷ್‌ನಲ್ಲಿ ಬರುದ್ರೆ ಸಿಸ್ಟರ್ ಬಿಸಾಕ್ತಾರೆ. ನಿಮ್ಮಂಗೆ ಬರೆಯೋರು ಈ ತಾಲ್ಲೂಕಲ್ಲಿ ಯಾರವ್ರೆ?" ಯಾರೂ ಅವನನ್ನು ಬಲವಂತ ಮಾಡಲಿಲ್ಲ. ಆಗುವುದಿಲ್ಲ ಎಂದಿದ್ದರೆ ಮಹದೇವಪ್ಪ ಹೋಗಲಿ ಬಿಡಿ ಎನ್ನುತ್ತಿದ್ದ. ನಂಜುಂಡಸ್ವಾಮಿ ಮೂರು ದಿನ ಕೂತು ತಿದ್ದಿ ತಿದ್ದಿ ಬರೆದ. ಬಯ್ದರೂ ಬಯ್ದ ಹಾಗಿರಬಾರದು. ಎರಡನೆಯ ಪ್ಯಾರಾದಲ್ಲಿ ಮಾಲೋಡರಸ್ ಎಂಬ ಪದ ಬರುವ ಜಾಗಕ್ಕೆ ವಾಕ್ಯ ತಾನಾಗಿಯೇ ಬಂದು ನಿಂತಾಗ ಅವನಿಗೆ ಮೈಯೆಲ್ಲ ಒಂದು ಸುಖವಾಯಿತು. ಇಂದಿಗೂ ಅದನ್ನು ನೆನೆದರೆ ಅಸಹ್ಯವಾಗುವುದು ಆ ಪದ ಬರೆದದ್ದಕ್ಕಲ್ಲ, ಆ ಸುಖಕ್ಕೆ. ಕೋರ್ಟಿನ ಟೈಪಿಸ್ಟು ಬಡಿದುಕೊಟ್ಟ, ಹದಿನೇಳು ಜನ ಪೋಷಕರು ರುಜು ಹಾಕಿದರು. ಅವನ ರುಜು ಅದರಲ್ಲಿರಲಿಲ್ಲ.

ಕೆಲಸದಿಂದ ತೆಗೆದ ಕಾಗದದ ಜೊತೆ ಕಾನ್ವೆಂಟಿನವರು ಆ ಅರ್ಜಿಯನ್ನೂ ಕಳಿಸಿದ್ದರು; ಡಿಮೆಲ್ಲೊ ಅದನ್ನು ಹಿಡಿದು ನಂಜುಂಡಸ್ವಾಮಿಯ ಮನೆಗೇ ಬಂದ. ಇಸ್ತ್ರಿಯ ಶರಟು ಹಾಕಿದ್ದ, ಸ್ನಾನ ಮಾಡಿದ್ದ. ಆ ದಿನ ಅವನು ನಾರುತ್ತಿರಲಿಲ್ಲ, ಸೋಪಿನ ವಾಸನೆ ಬರುತ್ತಿತ್ತು. ಓದು ಎಂದ. ನಂಜುಂಡಸ್ವಾಮಿ ತಾನು ಬರೆದದ್ದನ್ನು ಮೊದಲ ಸಲ ಓದುವವನ ಹಾಗೆ ಓದಿದ, ಬೇಕಾದಲ್ಲಿ ಹುಬ್ಬು ಗಂಟಿಕ್ಕಿದ, ಛೇ ಎಂದ. "ಒಂದು ತಪ್ಪೂ ಇಲ್ಲ ನೋಡು," ಎಂದ ಮುದುಕ. "ಯಾರೋ ಚೆನ್ನಾಗಿ ಕಲಿತವರು." ಅಷ್ಟೇ ಹೇಳಿ, ತನ್ನ ಕೈ ನಡುಗುತ್ತದೆ, ಉತ್ತರವನ್ನು ನೀನೇ ಬರೆದುಕೊಡು ಎಂದ. ಉತ್ತರ ಒಂದೇ ಸಾಲು. ತಮ್ಮ ಪತ್ರದಲ್ಲಿರುವುದೆಲ್ಲ ನಿಜ. ನಂಜುಂಡಸ್ವಾಮಿ ಅದನ್ನು ದುಂಡಾದ ಅಕ್ಷರದಲ್ಲಿ ಬರೆದು, ಕೆಳಗೆ ಮುದುಕನ ರುಜುವಿಗೆ ಜಾಗ ಬಿಟ್ಟು, ಕಾಗದ ತಿರುಗಿಸಿ ಕೊಟ್ಟ. ಮರುವರ್ಷ ಮಾಘದಲ್ಲಿ ಮುದುಕ ಸತ್ತ. ಸುದ್ದಿ ಬಂದಾಗ ಅವನು ಸ್ಟಾಫ್‌ರೂಮಿನಲ್ಲಿದ್ದ. ಯಾರದೋ ಬಡ್ತಿಯ ವಡೆ ಹಂಚುತ್ತಿದ್ದರು. ಪಾಪ, ಎಂದ. ವಡೆ ಇನ್ನೂ ಬಿಸಿಯಿತ್ತು. ತಿಂದ, ಇನ್ನೊಂದು ಹಾಕಿಸಿಕೊಂಡ.

ಪವಿತ್ರಾ ಮೂರಕ್ಕೆ ಸರಿಯಾಗಿ ಬಂದಳು. ಜೀನ್ಸು, ಮೊಣಕಾಲುದ್ದದ ಖಾದಿ ಕುರ್ತಾ, ಹೆಗಲಿಗೆ ಬಟ್ಟೆಯ ಚೀಲ. ಬಾಗಿಲಲ್ಲೇ ಮೂಗರಳಿಸಿ, "ಊರೆಲ್ಲ ಎಷ್ಟು ಚೆನ್ನಾಗಿ ಘಮ್ ಅಂತಿದೆ ಸರ್, ಜೇನಿನ ಥರ," ಎಂದಳು. ಬಗ್ಗಿ ಅವನ ಕಾಲು ಮುಟ್ಟಿದಳು. ಬೇಡ ಎನ್ನುವಷ್ಟರಲ್ಲಿ ಮುಟ್ಟಿಯಾಗಿತ್ತು. ಬೆಳಿಗ್ಗೆ ಬೋಟಿಯ ನೀರು ಸಿಡಿದಿದ್ದ ಆ ಕಾಲು ತೊಳೆದಿರಲಿಲ್ಲ ಎಂದು ಅವನಿಗೆ ಆಗ ನೆನಪಾಯಿತು. ಸಣ್ಣ ರೆಕಾರ್ಡರನ್ನು ಟೀಪಾಯಿಯ ಮೇಲಿಟ್ಟು ಗುಂಡಿ ಒತ್ತಿದಳು. ಅವಳ ಕಣ್ಣುಗಳಲ್ಲಿ ನಿಜವಾದ ಆದರ ಇತ್ತು. ಡಿಮೆಲ್ಲೊ ಹೇಗೆ ಕೂರುತ್ತಿದ್ದರು, ಏನು ತಿನ್ನುತ್ತಿದ್ದರು, ಬೆರಳು ಎಷ್ಟುದ್ದ ಇದ್ದವು ಎಂದೆಲ್ಲ ಕೇಳಿದಳು. ಅವನು ಹೇಳಿದ. ಹೇಳುತ್ತಿದ್ದ ಹಾಗೆ ಅವನ ಬಾಯಲ್ಲಿ ಒಬ್ಬ ಮಹಾನುಭಾವ ಗುರು, ಒಬ್ಬ ಬಡ ರೈತನ ಮಗ ತಯಾರಾಗತೊಡಗಿದರು. ಕಿಟಕಿಯ ಸರಳು, ಪಕ್ಕದಲ್ಲಿ ಕೂರಿಸಿಕೊಂಡ ಬೆಂಚು, ಎಲ್ಲ ನಿಜವೇ. ನಿಜವೇ ಆಗಿದ್ದರೂ ಅವು ಹೊರಬಂದಾಗ ಎಣ್ಣೆ ಹಚ್ಚಿದಂತೆ ಹೊಳೆಯುತ್ತಿದ್ದವು.

"ಮಾಲೋಡರಸ್ ಅಂತ ಹೆಸರಿಟ್ಟಿದ್ದು ಈ ಹೊಗೆಸೊಪ್ಪಿನ ವಾಸನೆಗೇ ಅಲ್ವಾ ಸರ್?"

ಹೌದು ಎಂದುಬಿಟ್ಟಿದ್ದರೆ ಆಗುತ್ತಿತ್ತು. ಪುಟ್ಟತಾಯಮ್ಮ ಏನೂ ತಿಳಿಯದವಳು. ಮಹದೇವಪ್ಪ ಸತ್ತು ಆರು ವರ್ಷ. ಆದರೆ ಬೆಳಗಿನಿಂದ ಗಂಟಲಲ್ಲಿ ನಿಂತದ್ದು ಈ ಹುಡುಗಿಯ ಆದರದ ಮುಖ ನೋಡಿ ಮೇಲಕ್ಕೆ ಬಂತು. ಈ ಮುಖ ಕೆಡಬೇಕು, ಈ ತುಟಿ ಅಸಹ್ಯದಿಂದ ಸೊಟ್ಟಗಾಗಬೇಕು, ರೆಕಾರ್ಡರು ಎತ್ತಿಕೊಂಡು ಎದ್ದು ಹೋಗಬೇಕು. ಇಪ್ಪತ್ತು ವರ್ಷ ಯಾರೂ ಉಗಿದಿರಲಿಲ್ಲ. "ಅಲ್ಲ," ಎಂದ. ಎಲ್ಲ ಹೇಳಿದ. ಬ್ರಾಂದಿ ಅಂಗಡಿ, ಒದ್ದೆ ಪ್ಯಾಂಟು, ಗೋಡೌನು, ಮೂರು ದಿನ, ಹದಿನೇಳು ರುಜು, ಸೋಪಿನ ವಾಸನೆ, ವಡೆ. ಸ್ವಾಮಿ ಪಾಸು ಎಂಬುದನ್ನೂ ಹೇಳಿದ. ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತದ್ದು ಅವನಿಗೆ ಗೊತ್ತಾಯಿತು. ಸುನಂದಮ್ಮನಿಗೂ ಇದು ತಿಳಿದಿರಲಿಲ್ಲ. ಕಡೆಯ ಮಾತು ಮುಗಿದಾಗ ಹಗುರಾಗಿ, ತಲೆ ತಗ್ಗಿಸಿ ಕಾದ.

ಪವಿತ್ರಾ ರೆಕಾರ್ಡರು ಓಡುತ್ತಿದೆಯೇ ಎಂದು ಬಗ್ಗಿ ನೋಡಿದಳು. ಆಮೇಲೆ, "ಓ ಮೈ ಗಾಡ್, ಸರ್," ಎಂದಳು ಮೆಲ್ಲಗೆ. ತಲೆಯೆತ್ತಿ ನೋಡಿದ. ಅವಳ ಕಣ್ಣುಗಳು ಹೊಳೆಯುತ್ತಿದ್ದವು. "ಎಂಥಾ ಕಥೆ ಸರ್ ಇದು! ಈಗ ಆ ಟ್ಯೂನ್ ಕೇಳಿದ್ರೆ... ನನಗೆ ಮೈ ಜುಮ್ ಅಂತಿದೆ. ಎಷ್ಟು ಧೈರ್ಯ ಬೇಕು ಸರ್ ಇದನ್ನ ಹೇಳೋಕೆ. ಎರಡನೇ ಮುದ್ರಣದ ಪುಸ್ತಿಕೆಗೆ ಇದನ್ನ ಹಾಕ್ಬೋದಾ? ಪ್ಲೀಸ್. ನಿಮ್ಮ ಮಾತಲ್ಲೇ. ಆ ಕಾಗದ ಎಲ್ಲಾದ್ರೂ ಸಿಗುತ್ತಾ ಸರ್? ಕಾನ್ವೆಂಟ್‌ನಲ್ಲಿ ಇಟ್ಟಿರ್ತಾರಾ?"

ಇಲ್ಲ, ಹಾಕಕೂಡದು ಎನ್ನಲು ಬಾಯಿ ತೆರೆದ. ಆ ಕಾಗದದ ಕಾರ್ಬನ್ ಪ್ರತಿ ಒಳಕೋಣೆಯ ಟ್ರಂಕಿನಲ್ಲಿ, ಮಾರ್ಕ್ಸ್‌ಕಾರ್ಡುಗಳ ಪ್ಲಾಸ್ಟಿಕ್ ಚೀಲದಲ್ಲಿ ಇತ್ತು. ಟೈಪಿಸ್ಟನಿಂದ ಕೇಳಿ ಇಸಿದುಕೊಂಡಿದ್ದ. ಎರಡು ಸಲ ಮನೆ ಬದಲಾಯಿಸಿದಾಗಲೂ ಮೊದಲು ಆ ಚೀಲವನ್ನೇ ಎತ್ತಿಟ್ಟುಕೊಂಡಿದ್ದ. ಅಷ್ಟು ಒಳ್ಳೆಯ ಇಂಗ್ಲಿಷನ್ನು ಅವನು ಅದಕ್ಕಿಂತ ಮುಂಚೆಯೂ ಆಮೇಲೂ ಬರೆದಿರಲಿಲ್ಲ. "ಒಂದು ನಿಮಿಷ," ಎಂದು ಎದ್ದು ಹೋದವನು ಅದನ್ನು ಹಿಡಿದೇ ಬಂದ. ಮಡಿಕೆಯ ಸಾಲುಗಳು ಸವೆದಿದ್ದವು. ಓದಿ ಸರ್, ಜೋರಾಗಿ, ಎಂದು ಹುಡುಗಿ ರೆಕಾರ್ಡರನ್ನು ಅವನ ಬಾಯಿಯ ಹತ್ತಿರಕ್ಕೆ ಸರಿಸಿದಳು. ಕನ್ನಡಕ ಹಾಕಿಕೊಂಡು ಓದತೊಡಗಿದ. ಮೊದಲೆರಡು ಸಾಲು ಧ್ವನಿ ಒಡೆಯಿತು. ಮೂರನೆಯ ಸಾಲಿಗೆ ಗಟ್ಟಿಯಾಯಿತು. ವಾಕ್ಯಗಳು ಒಂದರ ಹೆಗಲ ಮೇಲೆ ಒಂದು ಕೈಯಿಟ್ಟು ಬರುತ್ತಿದ್ದವು. ಎಲ್ಲಿ ನಿಲ್ಲಬೇಕೋ ಅಲ್ಲಿ ನಿಂತ, ಎಲ್ಲಿ ಒತ್ತಬೇಕೋ ಅಲ್ಲಿ ಒತ್ತಿದ. ಎರಡನೆಯ ಪ್ಯಾರಾ ಮುಗಿಯುವ ಹೊತ್ತಿಗೆ ಬಲಗೈ ತಾನಾಗಿ ಮೇಲೆದ್ದು ಗಾಳಿಯಲ್ಲಿ ತಾಳ ಹಾಕುತ್ತಿತ್ತು. ಓಕರಿಕೆ ಹೋಗಿತ್ತು. ಹೊಟ್ಟೆ ಹಸಿಯುತ್ತಿತ್ತು.

"ವಂಡರ್‌ಫುಲ್ ಸರ್," ಎಂದಳು ಹುಡುಗಿ. ಕಾಗದವನ್ನು ಟೀಪಾಯಿಯ ಮೇಲೆ ಹರಡಿ, ಮೂಲೆಗಳಿಗೆ ಎರಡು ಪುಸ್ತಕ ಒತ್ತಿಟ್ಟು ಫೋಟೋ ತೆಗೆದಳು. ಚೀಲದಿಂದ ನೋಟ್‌ಬುಕ್ಕು ತೆಗೆದಳು. "ನಿಮ್ಮ ಹೆಸರಿನ ಸ್ಪೆಲಿಂಗ್ ಹೇಳಿ ಸರ್. ಹೋದ ಸಲ ಬರೀ ಸ್ವಾಮಿ ಅಂತ ಹಾಕಿದ್ವಿ."

ನಂಜುಂಡಸ್ವಾಮಿ ಒಂದೊಂದೇ ಅಕ್ಷರ ಹೇಳಿದ. ಅವಳು ಬರೆದು, ತಿರುಗಿಸಿ ತೋರಿಸಿದಳು. ಸರಿಯಾಗಿತ್ತು.

"ಮುಂದೆ ಎಂ.ಎ. ಅಂತ ಹಾಕಿ," ಎಂದ.

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಸುನಂದಮ್ಮ, ಕಾಫಿ ಲೋಟಗಳಿದ್ದ ತಟ್ಟೆಯನ್ನು ಹಿಡಿದುಕೊಂಡೇ ಒಳಗೆ ಹೋದಳು.